ಅಂಗಡಿ ನಮ್ಮದು, ನಾಮಫಲಕ ಪರರದು

ಮೂವತ್ತು ವರ್ಷ ಮಹಾನಗರದ ಕಛೇರಿಯೊಂದರಲ್ಲಿ ದುಡಿದು ನಿವೃತ್ತರಾದ ಗೃಹಸ್ಥರ ಕೈಗೆ ಭವಿಷ್ಯನಿಧಿ, ಗ್ರಾಚ್ಯುಯಿಟಿ ಎಂದು ಒಂದಿಷ್ಟು ಹಣ ಒಟ್ಟಿಗೆ ಬರುತ್ತದೆ. ಊರಿಗೆ ಮರಳೋಣವೆಂದರೆ ಮಕ್ಕಳು ಇಲ್ಲಿಯೇ ಬೇರೂರಿದ್ದಾರೆ. ಸುಮ್ಮನೆ ಕುಳಿತಿರೋಣವೆಂದರೆ ಮೈಯಲ್ಲಿ ಇನ್ನೂ ಕಸುವಿದೆ. ಇಂಥ ಸಂಧಿಕಾಲದಲ್ಲಿ ಒಂದು ಬಗೆಯ ಜಾಹೀರಾತು ಕಣ್ಣಿಗೆ ಬೀಳುತ್ತದೆ: ‘ನಿಮ್ಮ ಬಡಾವಣೆಯಲ್ಲಿ ನಮ್ಮ ಔಷಧಾಲಯ. ಅನುಭವ ಬೇಕಿಲ್ಲ. ತರಬೇತಿ ನಮ್ಮದು. ಹದಿನೆಂಟು ತಿಂಗಳಲ್ಲಿ ಬಂಡವಾಳ ವಾಪಸು.’ ಔಷಧದಂಗಡಿ, ರಕ್ತಪರೀಕ್ಷೆಯ ಸಂಗ್ರಹ ಕೇಂದ್ರ, ಕನ್ನಡಕದ ಮಳಿಗೆ, ವ್ಯಾಯಾಮಶಾಲೆ ಹೀಗೆ ಆರೋಗ್ಯಕ್ಕೆ ಸಂಬಂಧಿಸಿದ ಹಲವು ಉದ್ಯಮಗಳು ಇಂದು ‘ಫ್ರಾಂಚೈಸಿ’ಯ ರೂಪದಲ್ಲಿ ಮಾರಾಟಕ್ಕಿವೆ. ಜೀವಮಾನದ ಉಳಿತಾಯವನ್ನು ಅದರಲ್ಲಿ ತೊಡಗಿಸುವ ಮುನ್ನ ಅದರ ಒಳಹೊರಗನ್ನು ಅರಿತುಕೊಳ್ಳುವುದು ಅವಶ್ಯವಾಗಿದೆ.

ಪದ್ಧತಿಯ ಮೂಲ

ಹೆಸರು, ವಿಧಾನ, ಸರಕು ಒಬ್ಬರದು. ಹಣ, ಸ್ಥಳ, ದುಡಿಮೆ ಇನ್ನೊಬ್ಬರದು. ಫ್ರಾಂಚೈಸಿಯ ತಿರುಳು ಇಷ್ಟೇ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಸಿಂಗರ್ ಕಂಪನಿಯು ಹೊಲಿಗೆ ಯಂತ್ರಗಳನ್ನು ಮಾರುವ ಹಕ್ಕನ್ನು ಪ್ರದೇಶವಾರು ಹಂಚಿಕೊಟ್ಟದ್ದನ್ನು ಇದರ ಆರಂಭದ ಮಾದರಿಗಳಲ್ಲೊಂದೆಂದು ಹೇಳುತ್ತಾರೆ. 1952ರಲ್ಲಿ ಹಾರ್ಲೆಂಡ್ ಸ್ಯಾಂಡರ್ಸ್ ತನ್ನ ಕೋಳಿ ಖಾದ್ಯದ ವಿಧಾನವನ್ನು ಯೂಟಾ ರಾಜ್ಯದ ಹೋಟೆಲಿಗೆ ಒಪ್ಪಿಸಿದನು. 1955ರಲ್ಲಿ ರೇ ಕ್ರಾಕ್ ಇಲಿನಾಯ್ ರಾಜ್ಯದಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆದ ಮೇಲೆ ಈ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು.

ಮುಂಬಯಿಯ ಕನ್ನಡಿಗರಿಗೆ ಇದಕ್ಕಿಂತ ಭಿನ್ನವಾದ ದಾರಿಯೊಂದು ಚಿರಪರಿಚಿತ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಗಳಾಗಿ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಕಡೆಗೆ ಸ್ವಂತ ಹೋಟೆಲು ತೆರೆದರು. 1942ರಲ್ಲಿ ಮಾಟುಂಗದಲ್ಲಿ ರಾಮ ನಾಯಕರು ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಹೆಸರುವಾಸಿ. ‘ಉಡುಪಿ’ ಎಂಬ ಹೆಸರಿಗೆ ಯಾರೂ ರಾಯಧನ ಕೊಡಬೇಕಿರಲಿಲ್ಲ. ಮೊದಲು ಕಸುಬು ಕಲಿತರು, ಆಮೇಲೆ ಯಜಮಾನರಾದರು. ಫ್ರಾಂಚೈಸಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಯಜಮಾನಿಕೆ ಮೊದಲು, ಕಲಿಕೆ ಆಮೇಲೆ. ಅಪಾಯವಿರುವುದು ಇಲ್ಲಿಯೇ.

ಮಾರಾಟದ ಜಾಣ್ಮೆ

ಇಂಥ ಯೋಜನೆಗಳನ್ನು ಮಾರುವ ಬಗೆಗೆ ಒಂದು ಸಿದ್ಧ ಕ್ರಮವುಂಟು. ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಉಪಾಹಾರದೊಂದಿಗೆ ಪರಿಚಯ ಸಭೆ. ನುಣುಪು ಕಾಗದದ ಕೈಪಿಡಿ. ಯಶಸ್ವಿ ಮಾಲಿಕರಿಬ್ಬರ ಭಾಷಣ. ಕೊನೆಗೊಂದು ಮಾತು: ‘ನಿಮ್ಮ ಬಡಾವಣೆಗೆ ಒಂದೇ ಕೇಂದ್ರ, ಇನ್ನಿಬ್ಬರು ಕೇಳುತ್ತಿದ್ದಾರೆ, ಈ ವಾರವೇ ಮುಂಗಡ ಕೊಡಿ.’ ಸೋತು ಬಾಗಿಲು ಹಾಕಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವಸರ ಮಾಡುವವನಿಗೆ ತನ್ನ ಲೆಕ್ಕವನ್ನು ಪರಿಶೀಲನೆಗೆ ಒಡ್ಡುವ ಮನಸ್ಸಿಲ್ಲವೆಂದೇ ತಿಳಿಯಬೇಕು.

ಒಂದು ಲೆಕ್ಕ

ಉದಾಹರಣೆಗೆ ಒಂದು ಔಷಧದಂಗಡಿಯನ್ನು ಕಲ್ಪಿಸಿಕೊಳ್ಳೋಣ. ಹೂಡಿದ ಬಂಡವಾಳ 12 ಲಕ್ಷ ರೂಪಾಯಿ, ತಿಂಗಳ ಮಾರಾಟ 4 ಲಕ್ಷ, ಲಾಭಾಂಶ ಶೇಕಡಾ 20. ಕೈಪಿಡಿಯಲ್ಲಿ ‘ತಿಂಗಳಿಗೆ 80,000 ರೂಪಾಯಿ ಆದಾಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆದರೆ ಬಾಡಿಗೆ 30,000, ಫಾರ್ಮಸಿಸ್ಟರ ಸಂಬಳ 20,000, ಸಹಾಯಕನಿಗೆ 12,000, ವಿದ್ಯುತ್ತು ಹಾಗೂ ಅವಧಿ ಮೀರಿದ ಔಷಧಗಳ ನಷ್ಟ 6,000 ಕಳೆದರೆ ಉಳಿಯುವುದು 12,000. ಕಂಪನಿಗೆ ಸಲ್ಲಬೇಕಾದ ರಾಯಧನವು ಸಾಮಾನ್ಯವಾಗಿ ಲಾಭದ ಮೇಲಲ್ಲ, ಮಾರಾಟದ ಮೇಲೆ. ಶೇಕಡಾ 2ರಂತೆ ಹಿಡಿದರೂ 8,000 ಹೋಗಿ ಕೈಯಲ್ಲಿ ಉಳಿಯುವುದು 4,000 ಮಾತ್ರ. ಅದೇ 12 ಲಕ್ಷ ಬ್ಯಾಂಕಿನಲ್ಲಿ ಶೇಕಡಾ 7ರ ಬಡ್ಡಿಗೆ ಇದ್ದಿದ್ದರೆ ತಿಂಗಳಿಗೆ 7,000 ಬರುತ್ತಿತ್ತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಕುಳಿತ ದುಡಿಮೆಗೆ ಬೆಲೆಯೇ ಇಲ್ಲದಂತಾಯಿತು! ಮಾರಾಟ ದುಪ್ಪಟ್ಟಾದರೆ ಚಿತ್ರ ಬದಲಾಗುವುದು ನಿಜ; ಆದರೆ ದುಪ್ಪಟ್ಟಾಗುವ ತನಕ ಮನೆಯ ಖರ್ಚು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿರುವುದಿಲ್ಲ.

ಕಾನೂನಿನ ಆಸರೆ

ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿರುವ ನಿಯಮವೊಂದು ಫ್ರಾಂಚೈಸಿ ಮಾರುವ ಕಂಪನಿಗಳನ್ನು ಹದ್ದಿನಲ್ಲಿಟ್ಟಿದೆ. ಈಗಿನ ರೂಪದಲ್ಲಿ ಅದರ ಪ್ರಕಾರ, ಸಹಿ ಅಥವಾ ಹಣ ಪಡೆಯುವ ಕನಿಷ್ಠ 14 ದಿನಗಳ ಮೊದಲೇ 23 ಅಂಶಗಳ ವಿವರಪತ್ರವನ್ನು ಕೊಡಲೇಬೇಕು. ಕಂಪನಿಯ ವ್ಯಾಜ್ಯಗಳು, ಎಲ್ಲ ಶುಲ್ಕಗಳು, ಬಿಟ್ಟುಹೋದ ಮಾಲಿಕರ ವಿವರಗಳು ಅದರಲ್ಲಿ ಸೇರಿರಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆ, 1999ರ ವಾಣಿಜ್ಯಮುದ್ರೆ ಕಾಯಿದೆ ಮೊದಲಾದವುಗಳೇ ಆಧಾರ. ಆದುದರಿಂದ ಅಲ್ಲಿ ಕಾನೂನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಹೂಡಿಕೆದಾರನೇ ಕೇಳಬೇಕಾಗಿದೆ.

ಕಳೆದ ಮೂರು ವರ್ಷಗಳಲ್ಲಿ ಎಷ್ಟು ಕೇಂದ್ರಗಳು ತೆರೆದವು, ಎಷ್ಟು ಮುಚ್ಚಿದವು? ಮುಚ್ಚಿದವರೊಡನೆ ಮಾತನಾಡಲು ಅವಕಾಶವುಂಟೇ? ಪಕ್ಕದ ರಸ್ತೆಯಲ್ಲಿ ಅದೇ ಹೆಸರಿನ ಇನ್ನೊಂದು ಅಂಗಡಿ ಬಾರದೆಂಬ ಮಾತು ಕರಾರಿನಲ್ಲಿದೆಯೇ? ಮಾರದೆ ಉಳಿದ ಸರಕನ್ನು ಕಂಪನಿ ಹಿಂದಕ್ಕೆ ಪಡೆಯುವುದೇ? ಠೇವಣಿ ಯಾವಾಗ ಮರಳುತ್ತದೆ? ತಕರಾರು ಬಂದರೆ ಯಾವ ಊರಿನ ನ್ಯಾಯಾಲಯ? ಫ್ರಾಂಚೈಸಿ ಕರಾರು ಐದು ವರ್ಷದ್ದಾಗಿ, ಅಂಗಡಿಯ ಬಾಡಿಗೆ ಕರಾರು ಮೂರೇ ವರ್ಷದ್ದಾದರೆ ಉಳಿದೆರಡು ವರ್ಷದ ಗತಿಯೇನು? ಬಾಯಿಮಾತಿನ ಭರವಸೆಗಳನ್ನು ಬರಹದಲ್ಲಿ ಕೊಡಲು ಹಿಂಜರಿಯುವವರಿಂದ ದೂರವಿರುವುದೇ ಲೇಸು.

ಔಷಧದಂಗಡಿಯ ಹೊಣೆ

ಆರೋಗ್ಯದ ವ್ಯಾಪಾರದಲ್ಲಿ ಇನ್ನೊಂದು ಹೊಣೆಯೂ ಇದೆ. ಔಷಧ ಮಾರಲು 1940ರ ಔಷಧ ಮತ್ತು ಪ್ರಸಾಧನಗಳ ಕಾಯಿದೆಯ ಮೇರೆಗೆ ಪರವಾನಗಿ ಬೇಕು; ನೋಂದಾಯಿತ ಫಾರ್ಮಸಿಸ್ಟರು ಇರಬೇಕು. ‘ಪರವಾನಗಿ ನಾವೇ ನೋಡಿಕೊಳ್ಳುತ್ತೇವೆ’ ಎಂದು ಕಂಪನಿ ಹೇಳಿದರೂ ತಪ್ಪಿಗೆ ಉತ್ತರ ಹೇಳಬೇಕಾದವನು ಪರವಾನಗಿ ಹೊತ್ತ ಮಾಲಿಕನೇ.

2008ರಲ್ಲಿ ಆರಂಭವಾದ ಸರಕಾರದ ಜನೌಷಧಿ ಯೋಜನೆಯಲ್ಲೂ ಖಾಸಗಿ ವ್ಯಕ್ತಿಗಳು ಕೇಂದ್ರ ತೆರೆಯಬಹುದು. ಕನಿಷ್ಠ 120 ಚದರ ಅಡಿ ಸ್ಥಳ, ಅರ್ಹ ಫಾರ್ಮಸಿಸ್ಟ್, ತೆರಿಗೆ ಬಿಟ್ಟು ಮಾರಾಟ ಬೆಲೆಯ ಮೇಲೆ ಶೇಕಡಾ 20 ಲಾಭಾಂಶ ಎಂಬ ಷರತ್ತುಗಳನ್ನು ಬಹಿರಂಗವಾಗಿಯೇ ಪ್ರಕಟಿಸಲಾಗಿದೆ. 2023ರ ನವೆಂಬರಿನಲ್ಲಿ ದೇವಘರದಲ್ಲಿ ಹತ್ತು ಸಾವಿರದ ಕೇಂದ್ರ ಆರಂಭವಾಯಿತು. ಇಲ್ಲಿಯೂ ಬೆಲೆ ಕಡಿಮೆಯಾದ್ದರಿಂದ ಶೇಕಡಾ 20ರ ಮೊತ್ತ ಚಿಕ್ಕದೇ. ಗಿರಾಕಿಗಳ ಸಂಖ್ಯೆ ಹೆಚ್ಚಿದ್ದರೆ ಮಾತ್ರ ಗಿಟ್ಟುತ್ತದೆ. ಈ ಯೋಜನೆಯ ಹೆಸರಿನಲ್ಲಿ ನಕಲಿ ಮಧ್ಯವರ್ತಿಗಳು ಹಣ ಕೇಳುವುದೂ ಉಂಟು. ಅರ್ಜಿಯನ್ನು ಅಧಿಕೃತ ಸಂಸ್ಥೆಗೆ ನೇರವಾಗಿ ಸಲ್ಲಿಸುವುದೇ ಕ್ಷೇಮ.

ಕೊನೆಯ ಮಾತು

ಫ್ರಾಂಚೈಸಿ ಎಂದರೆ ಮೋಸವೆಂದಲ್ಲ. ಪ್ರಾಮಾಣಿಕ ಕಂಪನಿಯ ಹೆಸರು, ಒಳ್ಳೆಯ ಸ್ಥಳ, ಶ್ರದ್ಧೆಯುಳ್ಳ ಮಾಲಿಕ ಈ ಮೂರೂ ಕೂಡಿದಲ್ಲಿ ಎಷ್ಟೋ ಸಂಸಾರಗಳು ನೆಲೆ ಕಂಡಿವೆ. ಆದರೆ ಸಹಿ ಹಾಕುವ ಮೊದಲು ಅಂಥದೇ ಅಂಗಡಿಯಲ್ಲಿ ಒಂದು ತಿಂಗಳು ಕುಳಿತು ನೋಡಲಿ. ತನ್ನ ರಕ್ತದೊತ್ತಡ, ಮೊಣಕಾಲುಗಳು ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆಯನ್ನು ತಾಳಬಲ್ಲವೇ ಎಂದು ವೈದ್ಯರನ್ನು ಕೇಳಲಿ. ಕರಾರು ಪತ್ರವನ್ನು ವಕೀಲರಿಗೂ, ಲೆಕ್ಕವನ್ನು ಮನೆಯಾಕೆಗೂ ತೋರಿಸಲಿ. ಉಳಿತಾಯವೆಲ್ಲವನ್ನೂ ಒಂದೇ ಕಡೆ ಸುರಿಯದೆ, ಔಷಧೋಪಚಾರಕ್ಕೂ ಅಕಾಲಕ್ಕೂ ಬೇಕಾದಷ್ಟನ್ನು ಮೊದಲೇ ಬೇರೆಯಾಗಿ ಎತ್ತಿಡಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದರು ಹಿರಿಯರು. ಹಾಸಿಗೆ ಬಾಡಿಗೆಯದಾದಾಗ ಆ ಮಾತನ್ನು ಇನ್ನಷ್ಟು ಎಚ್ಚರದಿಂದ ಪಾಲಿಸಬೇಕು.