ಅಮೀರ್ ಟಾಕೀಜ್ ಹೆಸರಿನ ಹಿಂದಿರುವ ಅಮೀರಬಾಯಿ ಯಾರು?

ವಿಜಯಪುರ: ತಿಕೋಟಾ, ಬಬಲೇಶ್ವರ, ಘೋಣಸಗಿ ಕಡೆಯಿಂದ ಸಿನಿಮಾ ನೋಡಲು ಶಹರಕ್ಕೆ ಬರುತ್ತಿದ್ದ ಹಿರಿಯರಿಗೆ ಅಮೀರ್ ಟಾಕೀಜ್ ಹೆಸರು ಹೊಸದಲ್ಲ. ಅಮೀರ್ ಅಂದ್ರ ಶ್ರೀಮಂತ, ಯಾರೋ ದೊಡ್ಡ ಸಾಹುಕಾರ ಕಟ್ಟಿಸಿರಬೇಕು ಅಂತ ತಿಳಕೊಂಡವರೂ ಅದಾರ. ಆದರೆ ಅದನ್ನು ಕಟ್ಟಿಸಿದ್ದು ಅಮೀರಬಾಯಿ ಕರ್ನಾಟಕಿ. ಹಾಡಿ, ನಟಿಸಿ ಗಳಿಸಿದ ದುಡ್ಡದು.

ಹುಟ್ಟಿದ್ದು ಬೀಳಗಿಯಲ್ಲಿ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ 1997ರವರೆಗೂ ನಮ್ಮ ಜಿಲ್ಲೆಯೊಳಗೇ ಇತ್ತು. ಮನೆತನ ನಾಟಕ, ಸಂಗೀತದ್ದು. ಅಕ್ಕ ಗೋಹರಬಾಯಿ ಮುಂದೆ ಮರಾಠಿಯ ಬಾಲಗಂಧರ್ವರ ಕಂಪನಿ ಸೇರಿದರು. ಹೆಣ್ಣಿನ ವೇಷದಿಂದಲೇ ಹೆಸರಾದ ಬಾಲಗಂಧರ್ವರ ಕಂಪನಿಯಲ್ಲಿ ನಮ್ಮ ಗೋಹರಬಾಯಿ ನಾಯಕಿ!

ಅಕ್ಕನ ನೆರವಿನಿಂದ ಅಮೀರಬಾಯಿಗೆ 1934ರಲ್ಲಿ 'ವಿಷ್ಣುಭಕ್ತಿ' ಸಿನಿಮಾದಲ್ಲಿ ಪಾತ್ರ ಸಿಕ್ಕಿತು. ಆಗ ನಟಿಸುವವರೇ ಹಾಡಬೇಕು. ನಾಟಕದ ಮನೆತನದವರಿಗೆ ಬೆಲೆ ಇದ್ದದ್ದು ಅದಕ್ಕೇ. ಹೆಸರಿನ ಮುಂದಿನ 'ಕರ್ನಾಟಕಿ' ನೋಡ್ರಿ. ಬಿಜಾಪುರ ಆವಾಗ ಮುಂಬೈ ಪ್ರಾಂತ್ಯದಲ್ಲಿತ್ತು, ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಈ ಅಕ್ಕ-ತಂಗಿ ಆ ಹೆಸರು ಹೊತ್ತು ಮುಂಬೈಯಲ್ಲಿ ತಿರುಗ್ಯಾಡಿದ್ದರು.

ದೊಡ್ಡ ಹೆಸರು ಬಂದದ್ದು 1943ರ 'ಕಿಸ್ಮತ್'ನಿಂದ. ಸಂಗೀತ ಅನಿಲ್ ಬಿಸ್ವಾಸ್, ಹಾಡು ಬರೆದವರು ಪ್ರದೀಪ್. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಹಿಂದೂಸ್ತಾನ ನಮ್ಮದು, ದೂರ ಸರೀರಿ ಎನ್ನುವ ಅರ್ಥದ ಹಾಡನ್ನು ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದರು. ಬ್ರಿಟಿಷ್ ಸೆನ್ಸಾರ್ ಬಿಟ್ಟಿದ್ದು ಹ್ಯಾಂಗ? ಯುದ್ಧದಲ್ಲಿ ಅವರ ವೈರಿಗಳಾಗಿದ್ದ ಜರ್ಮನಿ, ಜಪಾನ್ ಹೆಸರು ಹಾಡಿನಲ್ಲಿ ಸೇರಿಸಿದ್ದರು. ಮಂದಿಗೆ ಮಾತ್ರ ಅದು ಯಾರಿಗೆ ಹೇಳಿದ್ದು ಅಂತ ಸರಿಯಾಗಿ ತಿಳಿದಿತ್ತು. ಕೋಲ್ಕತ್ತಾದ ರಾಕ್ಸಿ ಟಾಕೀಜಿನಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಓಡಿತು. ಮರುವರ್ಷ ನೌಷಾದರ 'ರತನ್' ಬಂತು. 'ರಾಣಕದೇವಿ'ಯ ಹಾಡಿನಿಂದ ಗುಜರಾತಿ ಮನೆಗಳಿಗೂ ಈಕೆಯ ದನಿ ಹೋಯಿತು. 1948ರಲ್ಲಿ 'ಶಹನಾಜ್' ಸಿನಿಮಾಕ್ಕೆ ತಾವೇ ಸಂಗೀತ ನೀಡಿದರು. ಹೆಣ್ಣುಮಗಳು ಸಂಗೀತ ನಿರ್ದೇಶಕಿ ಅಂದ್ರ ಇವತ್ತಿಗೂ ಅಪರೂಪ.

ಮನೆಯ ಬದುಕು ಹಾಗಿರಲಿಲ್ಲ. ಖಳನಟ ಹಿಮಾಲಯವಾಲಾ ಜೊತೆಗಿನ ಮದುವೆಯಲ್ಲಿ ಹೊಡೆತ, ಹಿಂಸೆ ಅನುಭವಿಸಿದರು. ಕೊನೆಗೆ ಅವರಿಂದ ಬಿಡುಗಡೆ ಪಡೆದರು, ಆತ ಪಾಕಿಸ್ತಾನಕ್ಕೆ ಹೋದ. ಆಮೇಲೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಪರದೆ ಮೇಲೂ ಖಳ, ಮನೆಯೊಳಗೂ ಖಳ ಆದವನ ಕೈಯಿಂದ ಆ ಕಾಲದಲ್ಲಿ ಬಿಡಿಸಿಕೊಂಡು ಬರೋದು ಸಣ್ಣ ಮಾತಲ್ಲ.

1940ರ ದಶಕದ ಕೊನೆಗೆ ಲತಾ ಮಂಗೇಶ್ಕರ್ ಬಂದರು. ರಂಗಭೂಮಿಯ ಗಟ್ಟಿ ಕಂಠ ಹಿಂದೆ ಸರಿದು ತೆಳುವಾದ ದನಿಯ ಕಾಲ ಶುರುವಾಯಿತು. ಹಾಡು ಕಡಿಮೆಯಾದಾಗ ಅಮೀರಬಾಯಿ ಸಣ್ಣಪುಟ್ಟ ಪೋಷಕ ಪಾತ್ರ ಮಾಡಿದರು. ಕೆಲಸ ಬಿಟ್ಟು ಕೂಡಲಿಲ್ಲ. ಹಾಡಿನ ಗಳಿಕೆ ಹಾಡು ಇದ್ದಷ್ಟು ದಿನ, ಟಾಕೀಜು ಹಂಗಲ್ಲ, ಟಿಕೆಟ್ ಹರಿದಂಗ ಗಲ್ಲೆಗೆ ರೊಕ್ಕ. ಅಂಗಡಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮುಂಬೈಯಲ್ಲಿ ದುಡಿದಾಕೆ ಆ ಟಾಕೀಜನ್ನು ತನ್ನ ಜಿಲ್ಲೆಯ ಊರಲ್ಲೇ ಮಾಡಿದರು.

ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ಮಣ್ಣಾದದ್ದು ವಿಜಯಪುರದಲ್ಲೇ. ಹೆಚ್ಚಿಗೆ ತಿಳಿಯಬೇಕೆನ್ನುವವರು ರಹಮತ್ ತರೀಕೆರೆಯವರು ಇವರ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕ ಓದಬಹುದು. ಹಾಡು ಬೇಕಿದ್ದರೆ ಮೊಬೈಲಿನಲ್ಲೇ ಸಿಗ್ತಾವ, 'ಅಮೀರಬಾಯಿ ಕರ್ನಾಟಕಿ' ಅಂತ ಹುಡುಕ್ರಿ.