ತಾಯಿಯ ದಾಸೋಹ



ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುವ ಸ್ಥಿತಿಯೊಂದುಂಟು. ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಎಳೆತನದಲ್ಲಿ ಮೆದುಳಿಗೆ ಧಕ್ಕೆಯಾಗಿ ಕೈಕಾಲುಗಳು ಸ್ವಾಧೀನ ತಪ್ಪುತ್ತವೆ. ಕೆಲವರಿಗೆ ಮಾತೂ ಬಾರದು, ತುತ್ತು ನುಂಗುವುದೂ ಕಷ್ಟ. ಅಂತಹ ಮಗನನ್ನು ಹೊತ್ತು ಒಬ್ಬ ತಾಯಿ ಶ್ರೀಮಠಕ್ಕೆ ಬಂದಳು. ನಾವು, 'ಪೂರ್ವಜನ್ಮದ ಫಲ ತಾಯಿ, ತಾಳಿಕೋ' ಎಂದುಬಿಟ್ಟೆವು. ಆಕೆ ಅಳಲಿಲ್ಲ. 'ಬುದ್ಧೀ, ಹಸುಗೂಸಾಗಿದ್ದಾಗ ಇವನಿಗೆ ಲಿಂಗ ಕಟ್ಟಿದಿರಲ್ಲ, ಆಗ ಇವನ ಪಾಪ ಕೇಳಿದ್ದಿರಾ?' ಎಂದಳು. ನಾವು ಓದಿದ ಶಾಸ್ತ್ರವೆಲ್ಲ ಮೌನವಾಯಿತು.

ನಿಜವೇ. ಮಾತು ಬಾರದ ಕೂಸಿಗೂ ನಮ್ಮಲ್ಲಿ ಲಿಂಗಧಾರಣೆಯುಂಟು. ಲಿಂಗವನ್ನು ಧರಿಸಿದ ಅಂಗವನ್ನು ಪಾಪದ ಪಿಂಡವೆನ್ನುವುದು ಹೇಗೆ? ಮಗನಿಗೆ ಉಣಿಸುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಆಕೆಯ ಕಾಯಕ. ಪ್ರತಿಫಲ ಬಯಸದಿರುವುದರಿಂದ ಅದೇ ದಾಸೋಹ. ಮಗನೂ ಏನನ್ನೂ ಕೊಡದವನಲ್ಲ; ತಾಯಿಯ ಹೆಜ್ಜೆಯ ಸಪ್ಪಳಕ್ಕೆ ಅವನ ಮುಖ ಅರಳುವುದನ್ನು ನಾವೇ ಕಂಡೆವು.

ಆಕೆಯ ಭಯವೊಂದೇ: 'ನನ್ನ ನಂತರ ಇವನಿಗೆ ಯಾರು?' 18 ವರ್ಷ ತುಂಬಿದ ಇಂತಹವರಿಗೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅವಕಾಶವಿದೆ. ತಂದೆತಾಯಿಗಳಾಗಲಿ ಬಂಧುಗಳಾಗಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬಹುದು. ಆದರೆ ಕಾಗದವು ಅನ್ನ ಉಣಿಸದು. ತಲೆಯನ್ನು ನೆಟ್ಟಗೆ ಹಿಡಿದು ಚಿಕ್ಕ ಚಿಕ್ಕ ತುತ್ತಿಡುವ ಬಗೆಯನ್ನು ನೆರೆಯವರು ಆ ತಾಯಿಯಿಂದ ಇಂದೇ ಕಲಿಯಲಿ. ಆಕೆ ಇರುವಾಗಲೇ ಮಗನಿಗೆ ಇನ್ನೊಂದು ಕೈ ಪರಿಚಯವಾಗಲಿ. ಆ ಕೈ ನಿಮ್ಮದಾಗಲಿ.