ಗಣಕಯಂತ್ರದ ಕಾವಲುಗಾರ

ತಿಕೋಟೆಯ ಕಡೆಯಿಂದ ಅಥಣಿ ರಸ್ತೆಯ ಬಸ್ಸಿನಲ್ಲಿ ಕಾಲೇಜಿಗೆ ಬರುವ ಗೆಳೆಯರಲ್ಲಿ ಲ್ಯಾಪ್‌ಟಾಪ್ ಉಳ್ಳವರು ಈಗ ಅಪರೂಪವಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು, ಅದರಲ್ಲಿಯೂ ಫೆಡೋರಾ ಎಂಬ ಬಗೆಯನ್ನು, ಬಳಸುವವರಿಗೆ ತಾವೇನನ್ನೂ ಮುಟ್ಟದಿರುವಾಗಲೇ ಒಂದು ಎಚ್ಚರಿಕೆ ಕಾಣಿಸುವುದುಂಟು: ಎಸ್‌ಇಲಿನಕ್ಸ್ ಎಂಬುದು ಎಫ್‌ಡಬ್ಲ್ಯುಅಪ್‌ಡಿ ಎಂಬುದನ್ನು ತಡೆದಿದೆಯೆಂದು. ಕಂಡವನು ಕಳ್ಳ ಹೊಕ್ಕನೆಂದು ಹೆದರುತ್ತಾನೆ. ಇಲ್ಲವೆ ಬೇಸತ್ತು ಕಾವಲನ್ನೇ ತೆಗೆದುಹಾಕುತ್ತಾನೆ. ಎರಡನೆಯದೇ ಹೆಚ್ಚು ಅಪಾಯಕರ.

ಯಂತ್ರದ ಬಿಡಿಭಾಗಗಳೊಳಗೆ ನೆಲೆಸಿ ಅವನ್ನು ನಡೆಸುವ ಚಿಕ್ಕ ತಂತ್ರಾಂಶವೇ ಫರ್ಮ್‌ವೇರ್. ಅದನ್ನು ಹೊಸದಾಗಿಸುವ ಸೇವೆಯೇ ಎಫ್‌ಡಬ್ಲ್ಯುಅಪ್‌ಡಿ. ರೆಡ್ ಹ್ಯಾಟ್ ಸಂಸ್ಥೆಯ ರಿಚರ್ಡ್ ಹ್ಯೂಸರು ಇದನ್ನು 2015ರಲ್ಲಿ ಹೊರತಂದರು. ಹೊಸ ಫರ್ಮ್‌ವೇರಿನ ವಿವರಗಳನ್ನು ಇದು ಆಗಾಗ ತಾನಾಗಿಯೇ ತರಿಸಿಕೊಳ್ಳುವುದರಿಂದ, ನಾವು ಸುಮ್ಮನಿದ್ದರೂ ಎಚ್ಚರಿಕೆ ಮೂಡಬಹುದು. ಎಸ್‌ಇಲಿನಕ್ಸನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದಲ್ಲಿ ಬಹಿರಂಗಪಡಿಸಿತು. 2003ರಲ್ಲಿ ಅದು ಲಿನಕ್ಸಿನ ತಿರುಳನ್ನೇ ಸೇರಿತು.

ಲಿನಕ್ಸಿನಲ್ಲಿ ‘ರೂಟ್’ ಎಂದರೆ ಕಾಲೇಜಿಗೆ ಪ್ರಾಚಾರ್ಯರಿದ್ದಂತೆ; ಹಳೆಯ ಪದ್ಧತಿಯಲ್ಲಿ ಅವನಿಗೆ ತೆರೆಯದ ಬಾಗಿಲಿಲ್ಲ. ಎಸ್‌ಇಲಿನಕ್ಸ್ ಎಂಬ ಕಾವಲುಗಾರನು ಪದವಿಯನ್ನು ನೋಡುವವನಲ್ಲ, ಪಟ್ಟಿಯನ್ನು ನೋಡುವವನು. ಪ್ರತಿಯೊಂದು ಕಾರ್ಯಕ್ರಮಕ್ಕೂ ಕಡತಕ್ಕೂ ಒಂದೊಂದು ಗುರುತುಚೀಟಿ; ಯಾವ ಚೀಟಿಯವನು ಯಾವುದನ್ನು ಓದಬಹುದು, ಬರೆಯಬಹುದು ಎಂಬುದಕ್ಕೆ ಒಂದು ಪಟ್ಟಿ. ಪಟ್ಟಿಯಲ್ಲಿಲ್ಲದಿದ್ದರೆ ಪ್ರವೇಶವಿಲ್ಲ. (ಪ್ರಾಚಾರ್ಯರು ಕ್ಷಮಿಸಬೇಕು!) ಎಫ್‌ಡಬ್ಲ್ಯುಅಪ್‌ಡಿ ರೂಟಿನ ಅಧಿಕಾರದಲ್ಲೇ ನಡೆಯುತ್ತದೆ. ಅದರ ಹೊಸ ಆವೃತ್ತಿಯು ಹಿಂದೆ ನೋಡದಿದ್ದ ಕಡತವನ್ನು ನೋಡಲು ಹೊರಟು, ಪಟ್ಟಿ ಮಾತ್ರ ಹಳೆಯದೇ ಆಗಿದ್ದರೆ ತಡೆ ಬೀಳುತ್ತದೆ. ಕಡತದ ಚೀಟಿ ಅದಲುಬದಲಾಗಿದ್ದರೂ ಹೀಗಾಗುವುದು.

ಫರ್ಮ್‌ವೇರ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದು ನಿಜವಾದದ್ದೇ ಎಂಬುದನ್ನು ಡಿಜಿಟಲ್ ಸಹಿಯ ಮೂಲಕ ಎಫ್‌ಡಬ್ಲ್ಯುಅಪ್‌ಡಿಯೇ ಬೇರೆಯಾಗಿ ಪರೀಕ್ಷಿಸುತ್ತದೆ. ಕಾವಲುಗಾರ ನೋಡುವುದು ಸಾಮಾನನ್ನಲ್ಲ, ಹೊತ್ತು ತಂದವನನ್ನು.

ಆದುದರಿಂದ ಮೊದಲು ದಾಖಲೆಯ ಸಾಲನ್ನು ಓದಬೇಕು. ‘ಎಸ್‌ಕಾಂಟೆಕ್ಸ್ಟ್’ ಎಂಬಲ್ಲಿ ಕೇಳಿದವನಾರೆಂದೂ ‘ಟಿಕಾಂಟೆಕ್ಸ್ಟ್’ ಎಂಬಲ್ಲಿ ಯಾವುದನ್ನು ಕೇಳಿದನೆಂದೂ ಇರುತ್ತದೆ. ಕೊನೆಯ ‘ಪರ್ಮಿಸಿವ್’ 0 ಆಗಿದ್ದರೆ ನಿಜವಾಗಿ ತಡೆದಿದೆ. 1 ಆಗಿದ್ದರೆ ಬರಿದೆ ಬರೆದುಕೊಂಡಿದೆ. ಕೇಳಿದ್ದು ಯಂತ್ರಭಾಗದ ವಿವರವಾದರೆ ಗಾಬರಿ ಬೇಡ. ನಿಮ್ಮ ಸ್ವಂತ ಕಾಗದಪತ್ರಗಳನ್ನು ಕೇಳಿದ್ದರೆ ಮಾತ್ರ ವಿಚಾರಿಸತಕ್ಕದ್ದೇ.

‘ಸೆಟ್‌ಎನ್‌ಫೋರ್ಸ್ 0’ ಎಂದು ಬರೆದರೆ ಎಚ್ಚರಿಕೆಯ ಕಾರಣ ಉಳಿದು, ಇಡೀ ಯಂತ್ರದ ತಡೆಯೇ ಹೋಗುತ್ತದೆ. ಮೊದಲು ಎಸ್‌ಇಲಿನಕ್ಸಿನ ನೀತಿಪಟ್ಟಿಯನ್ನು ಹೊಸದಾಗಿಸಿ. ಚೀಟಿ ತಪ್ಪಿದ್ದರೆ ‘ರಿಸ್ಟೋರ್‌ಕಾನ್’ ಅದನ್ನು ಸರಿಪಡಿಸುವುದು. ಆಮೇಲೂ ತಡೆ ನಿಲ್ಲದಿದ್ದರೆ, ಎಫ್‌ಡಬ್ಲ್ಯುಅಪ್‌ಡಿ ಒಂದಕ್ಕೆ ಮಾತ್ರ ತಾತ್ಕಾಲಿಕ ವಿನಾಯಿತಿ ಕೊಟ್ಟು, ದಾಖಲೆಯ ಸಾಲನ್ನು ಫೆಡೋರಾದವರಿಗೆ ಕಳುಹಿಸಬಹುದು. ಪಟ್ಟಿಗೆ ಹೊಸ ಹೆಸರನ್ನು ಸೇರಿಸತಕ್ಕವರು ಅವರೇ.